ಗಾಡಿ ಬಂತು, ಸೀಟು ಬರಲಿಲ್ಲ

ಶಿವಾಜಿನಗರದ ಒಂದು ಗಲ್ಲಿಯಲ್ಲಿ ಖುರ್ಷೀದಾ ಎಂಬ ಹೆಂಗಸು ಎರಡು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಮನೆಯೊಳಗೆ ಕೋಲೂರಿ ನಾಲ್ಕು ಹೆಜ್ಜೆ ಹಾಕುತ್ತಿದ್ದರು, ಆದರೆ ಆಟೊ ಹತ್ತಲು ಆಗದು. ಕಾರಿನಲ್ಲಿ ಕೂರಿಸಬೇಕಾದರೆ ಇಬ್ಬರು ಗಂಡಸರು ಎತ್ತಬೇಕು. ಆಸ್ಪತ್ರೆಯಿಂದ ಮನೆಗೆ ತಂದ ದಿನ ಹಾಗೇ ಎತ್ತಿ ಇಳಿಸಿದ್ದರು, ಗಲ್ಲಿಯೆಲ್ಲ ನಿಂತು ನೋಡಿತ್ತು. "ಇನ್ಮೇಲೆ ನನ್ನನ್ನ ಯಾರೂ ಮೂಟೆ ಥರ ಎತ್ಬೇಡಿ" ಎಂದು ಅವರು ಅವತ್ತೇ ಹೇಳಿಬಿಟ್ಟರು.

ಗಂಡ ಶಫಿಗೆ ಬ್ಯಾಗಿನ ಜಿಪ್ಪು, ಬಕಲ್ ಮಾರುವ ಅಂಗಡಿ. ಬೆಳಗ್ಗೆ ಹತ್ತಕ್ಕೆ ಹೋದರೆ ರಾತ್ರಿಗೇ ಬರುವುದು. ಮಕ್ಕಳಿಲ್ಲ. ಹಗಲೆಲ್ಲ ಖುರ್ಷೀದಾಗೆ ಒಂದು ಕಿಟಕಿ, ಒಂದು ಫೋನು. ಫೋನಿನ ಆ ಕಡೆ ಕೆ.ಆರ್. ಪುರದ ಅಕ್ಕ ಜಹನಾರಾ. ಅವರಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯುತ್ತಿಲ್ಲ, ಕಣ್ಣು ದಿನೇ ದಿನೇ ಮಬ್ಬಾಗುತ್ತಿದೆ.

"ಫೋನಲ್ಲಿ ನಿನ್ ಮುಖ ಬರೀ ಹೊಗೆ ಥರ ಕಾಣುತ್ತೆ ಕಣೇ" ಎನ್ನುತ್ತಿದ್ದರು ಜಹನಾರಾ. "ಹತ್ರ ಬಂದ್ರೆ ಇನ್ನೂ ಕಾಣ್ಬಹುದು. ಕಣ್ಣಿರೋವಾಗ್ಲೇ ಒಂದ್ಸಲ ಬಂದ್ಹೋಗು."

"ಬರ್ತೀನಿ ಆಪಾ" ಎಂದು ಖುರ್ಷೀದಾ ದಿನವೂ ಹೇಳುವುದು. ಫೋನಿಟ್ಟ ಮೇಲೆ ಮನೆ ಇನ್ನಷ್ಟು ಖಾಲಿಯಾಗುವುದು.

ಅಷ್ಟರಲ್ಲಿ ಹೊಸ ಕಾರೊಂದರ ಜಾಹೀರಾತು ಬಂತು. ಅದರ ಮುಂದಿನ ಎಡಗಡೆ ಸೀಟು ಬಾಗಿಲ ಕಡೆಗೆ ತಿರುಗಿ ಹೊರಗೆ ಬರುತ್ತದೆ. ಕೂತುಕೊಂಡರೆ ಸಾಕು, ಸೀಟೇ ತಿರುಗಿ ಒಳಗೆ ಕರೆದುಕೊಳ್ಳುತ್ತದೆ. ಗಾಡಿ ಮಾರುಕಟ್ಟೆಗೆ ಬರಲು ಇನ್ನೂ ನಾಲ್ಕು ತಿಂಗಳು. ಶಫಿ ಮಾರನೇ ದಿನವೇ ಶೋರೂಮಿಗೆ ಓಡಿದರು.

"ಸೀಟು ಗ್ಯಾರಂಟಿ ಭಾಯ್" ಎಂದ ಸೇಲ್ಸ್‌ನ ಅಬ್ರಾರ್. "ಫಾರಂನಲ್ಲಿ ಏನಾದ್ರೂ ಬೇರೆ ಬರೀಬೇಕಾ?"

"ನೀನು ಬಾಯಲ್ಲಿ ಹೇಳಿದೀಯಲ್ಲ, ಸಾಕು" ಎಂದರು ಶಫಿ.

ಅವರ ವ್ಯಾಪಾರವೇ ಹಾಗೆ. ಮೂವತ್ತು ವರ್ಷ ಬಾಯಿಮಾತಿನ ಮೇಲೆ ಮಾಲು ತಂದವರು, ಬಾಯಿಮಾತಿನ ಮೇಲೆ ಮಾಲು ಕೊಟ್ಟವರು. ಆ ಬಜಾರಿನಲ್ಲಿ "ಬರೆದು ಕೊಡು" ಎಂದರೆ "ನಿನ್ನ ಮೇಲೆ ನಂಬಿಕೆಯಿಲ್ಲ" ಎಂದು ಮುಖಕ್ಕೆ ಹೇಳಿದಂತೆ. ಮುಂಗಡ ಕಟ್ಟಿ, ಸಹಿ ಹಾಕಿ ಬಂದರು.

ಮನೆಯಲ್ಲಿ ಹಬ್ಬ. ಅಂಗಡಿಯ ತಿರುಗುವ ಕುರ್ಚಿಯನ್ನು ಮನೆಗೆ ತಂದು ಗೋಡೆಗೆ ಒತ್ತಿ ನಿಲ್ಲಿಸಿದರು. ವ್ಯಾಯಾಮ ಮಾಡಿಸಲು ಸಿ.ವಿ. ರಾಮನ್ ನಗರದಿಂದ ಬರುವ ಫಿಸಿಯೋಥೆರಪಿಸ್ಟ್ ಪ್ರಿಯಾ ನಕ್ಕಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದಂಗಾಯ್ತು ಆಂಟಿ!" ಆದರೂ ಅವಳೇ ಹೇಳಿಕೊಟ್ಟಳು. ಕೂರಬೇಕು, ಎಡಗಾಲು ಊರಿ ತಿರುಗಬೇಕು, ಬಲಗಾಲನ್ನು ಎಡಗೈಯಿಂದ ಎತ್ತಿ ಒಳಗಿಡಬೇಕು. ಖುರ್ಷೀದಾ ದಿನಕ್ಕೆ ಹತ್ತು ಸಲ ಮಾಡಿದರು.

ನಾಲ್ಕು ತಿಂಗಳಾಯಿತು. ಗಾಡಿ ಬಂತು. ಶಫಿ ಶೋರೂಮಿನಲ್ಲಿ ಬಾಗಿಲು ತೆಗೆದು ಸೀಟನ್ನು ಎಳೆದು ನೋಡಿದರು, ತಳ್ಳಿ ನೋಡಿದರು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಕಂಪನಿಯವ್ರು ಆ ಸೀಟನ್ನ ಕೊನೇಲಿ ತೆಗೆದ್ಬಿಟ್ರು ಭಾಯ್. ನನಗೂ ಗಾಡಿ ಬಂದ್ಮೇಲೇ ಗೊತ್ತಾಗಿದ್ದು" ಎಂದ ಅಬ್ರಾರ್. "ಅದರ ಬದ್ಲು ಸನ್‌ರೂಫ್ ಕೊಟ್ಟಿದಾರೆ ನೋಡಿ."

ಮನೆಯಿಂದ ಹೊರಗೆ ಬರಲಾಗದವರಿಗೆ ಆಕಾಶ ನೋಡಲು ಕಿಟಕಿ! ಶಫಿಗೆ ಸಿಟ್ಟು ಬಂತು. ಜಾಹೀರಾತಿನ ಹಾಳೆ ತಿರುಗಿಸಿದರು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ತೋರಿಸಿರುವ ಸೌಲಭ್ಯಗಳು ಬದಲಾಗಬಹುದು" ಎಂದಿತ್ತು.

ಅವತ್ತು ಮನೆಗೆ ಬಂದಾಗ ಖುರ್ಷೀದಾ ಕುರ್ಚಿಯಲ್ಲಿ ಕೂತು ತಿರುಗುತ್ತಿದ್ದರು.

"ಯಾವಾಗ ಕೊಡ್ತಾರಂತೆ?"

"ಸ್ವಲ್ಪ ತಡ ಆಗತ್ತಂತೆ" ಎಂದರು ಶಫಿ.

ಒಂದು ಸುಳ್ಳು ಎರಡು ತಿಂಗಳು ಎಳೆಯಿತು. ನುಂಗಲಾರದ, ಉಗುಳಲಾರದ ಬಿಸಿತುಪ್ಪವದು. ಆ ಗಾಡಿಯನ್ನೇ ತಂದುಬಿಡಲೇ ಎಂದು ಎಷ್ಟೋ ಸಲ ಯೋಚಿಸಿದರು. ಗಂಡ ಅಂಗಡಿಯಲ್ಲಿ ಒಂಟಿ, ಹೆಂಡತಿ ಕಿಟಕಿಯಲ್ಲಿ ಒಂಟಿ. ಖುರ್ಷೀದಾ ಮಾತ್ರ ದಿನಕ್ಕೆ ಹತ್ತು ಸಲ ತಿರುಗುವುದನ್ನು ಬಿಡಲಿಲ್ಲ.

ಕೊನೆಗೆ ಪ್ರಿಯಾ ಶಫಿಯನ್ನು ಬಾಗಿಲಲ್ಲಿ ತಡೆದು ಕೇಳಿದಳು. "ಅಂಕಲ್, ಆ ಗಾಡಿ ರೋಡಲ್ಲೆಲ್ಲ ಓಡಾಡ್ತಿದೆ. ನಿಮ್ದು ಯಾಕೆ ಬಂದಿಲ್ಲ?"

ಶಫಿ ಎಲ್ಲ ಹೇಳಿದರು. "ಇನ್ನೇನಮ್ಮ ಮಾಡೋದು? ದೊಡ್ಡ ಕಂಪನಿ. ನಮ್ಮಂಥವ್ರ ಮಾತು ಕೇಳ್ತಾರಾ?"

"ಗಾಡಿ ತಗೊಂಡ್ರಾ?"

"ಇಲ್ಲ."

"ಪುಣ್ಯ! ಈ ಸೀಟಿಗೋಸ್ಕರ ಬುಕ್ ಮಾಡಿದ್ದು, ಇಲ್ದೇ ಇದ್ರೆ ಗಾಡಿ ಬೇಡ, ದುಡ್ಡು ವಾಪಸ್ ಕೊಡಿ ಅಂತ ಬರೆದು ಕೊಡಿ. ಜಾಹೀರಾತು, ರಸೀದಿ ಎರಡರ ಜೆರಾಕ್ಸೂ ಇಡಿ. ಒಪ್ದೇ ಹೋದ್ರೆ 1915ಕ್ಕೆ ಫೋನ್ ಮಾಡೋಣ. ಅದು ಗ್ರಾಹಕರ ಸಹಾಯವಾಣಿ."

"ಬರೆದು ಕೊಟ್ರೆ ಆ ಹುಡುಗ ಬೇಜಾರು ಮಾಡ್ಕೊಳ್ಳಲ್ವಾ?"

ಒಳಗಿನಿಂದ ಖುರ್ಷೀದಾ ದನಿ ಬಂತು. ಅವರು ಎಲ್ಲ ಕೇಳಿಸಿಕೊಂಡಿದ್ದರು. "ಎರಡು ತಿಂಗ್ಳು ನಾನು ಈ ಕುರ್ಚಿ ತಿರುಗಿಸ್ತಾ ಇದ್ದೆ. ನನ್ ಬೇಜಾರು ಯಾರ್ ಕೇಳಿದ್ರು ರೀ?"

ಶಫಿ ಅವತ್ತೇ ಪತ್ರ ಬರೆದರು. ಶೋರೂಮಿನವರು ಎರಡು ಸಲ ಸತಾಯಿಸಿದರು. 1915ರಲ್ಲಿ ದೂರು ಬರೆಸಿದ ಮೇಲೆ ಮುಂಗಡ ವಾಪಸ್ ಬಂತು.

ಇಂದಿರಾನಗರದ ಇನ್ನೊಂದು ಶೋರೂಮಿನಲ್ಲಿ ತಿರುಗುವ ಸೀಟಿನ ಗಾಡಿ ಆಗಲೇ ಮಾರಾಟಕ್ಕಿತ್ತು. ಸಾಧಾರಣ ಗಾಡಿ. ಇನ್ನೂ ಬಾರದ ಗಾಡಿಯ ಆಸೆಯಲ್ಲಿ ಶಫಿ ಅತ್ತ ನೋಡಿಯೇ ಇರಲಿಲ್ಲ. ಅಲ್ಲಿನ ಸೇಲ್ಸ್ ಹುಡುಗಿ ರಮ್ಯ ಗಾಡಿಯನ್ನು ತೋರಿಸಲು ಮನೆ ಬಾಗಿಲಿಗೇ ತಂದಳು. ಖುರ್ಷೀದಾ ಕೋಲೂರಿ ಹೊಸ್ತಿಲು ದಾಟಿದರು, ಕೂತರು, ತಿರುಗಿದರು, ಬಲಗಾಲನ್ನು ಎಡಗೈಯಿಂದ ಎತ್ತಿ ಒಳಗಿಟ್ಟರು. ಯಾರೂ ಎತ್ತಲಿಲ್ಲ.

"ಬೇಜಾರ್ ಮಾಡ್ಕೋಬೇಡಮ್ಮ" ಎಂದು ಶಫಿ ಪೆನ್ನು ಚಾಚಿದರು. "ಈ ಸೀಟು ಇಲ್ದಿದ್ರೆ ದುಡ್ಡು ಪೂರ್ತಿ ವಾಪಸ್ ಅಂತ ಬರೆದು ಸೀಲ್ ಹಾಕ್ಕೊಡು."

"ಇದ್ರಲ್ಲಿ ಬೇಜಾರೇನು ಸಾರ್?" ಎಂದು ರಮ್ಯ ಬರೆದುಕೊಟ್ಟಳು.

ಗಾಡಿ ಕೈಗೆ ಬಂದ ದಿನವೇ ಕೆ.ಆರ್. ಪುರಕ್ಕೆ ಹೊರಟರು. ಮಂಚದ ಮೇಲೆ ಜಹನಾರಾ ಎದ್ದು ಕೂತಿದ್ದರು. ತಂಗಿ ಹತ್ತಿರ ಬಂದು, ಮುಖಕ್ಕೆ ಮುಖ ತಂದು ನಿಂತರು. ಜಹನಾರಾ ಕೈ ಚಾಚಿ ತಂಗಿಯ ಹಣೆ, ಮೂಗು, ಕೆನ್ನೆ ಮುಟ್ಟಿ ಮುಟ್ಟಿ ನೋಡಿದರು.

"ತುಂಬ ಸೊರಗಿದೀಯ" ಎಂದರು. ಆಮೇಲೆ ಮೆಲ್ಲಗೆ, "ಎರಡು ತಿಂಗಳ ಹಿಂದೆ ಬಂದಿದ್ರೆ ನೋಡ್ತಿದ್ನಲ್ಲೇ" ಎಂದರು.

ಶಫಿ ಬಾಗಿಲಲ್ಲೇ ನಿಂತಿದ್ದರು.

ಈಗ ಅವರ ಅಂಗಡಿಯಲ್ಲಿ ಯಾರಾದರೂ ಹೊಸ ಗಾಡಿಯ ಮಾತೆತ್ತಿದರೆ ಸಾಕು, ಶಫಿ ಕೈಯಲ್ಲಿದ್ದ ಕೆಲಸ ಬಿಟ್ಟು ಈ ಕಥೆ ಹೇಳುತ್ತಾರೆ. ನಾವೂ ನಿಮಗೆ ಅದನ್ನೇ ಹೇಳುತ್ತಿದ್ದೇವೆ. ಇನ್ನೂ ರಸ್ತೆಗೆ ಇಳಿಯದ ಗಾಡಿಯ ಚಿತ್ರ ನೋಡಿ ದುಡ್ಡು ಕಟ್ಟಬೇಡಿ. ಕಟ್ಟಲೇಬೇಕಾದರೆ, ನಿಮಗೆ ಯಾವುದು ಇಲ್ಲದಿದ್ದರೆ ಆಗುವುದಿಲ್ಲವೋ ಅದನ್ನು ಬುಕಿಂಗ್ ಫಾರಂನಲ್ಲಿ ಬರೆಸಿ. ಸಣ್ಣ ಅಕ್ಷರ ಓದಿ, ಓದಲು ಬಾರದಿದ್ದರೆ ಓದಿಸಿ. ಗಾಡಿ ಬಂದಾಗ, ಅದನ್ನು ಬಳಸುವವರೇ ಮುಟ್ಟಿ ನೋಡದೆ ಕೀಲಿ ತೆಗೆದುಕೊಳ್ಳಬೇಡಿ. ಕೊಟ್ಟ ಮಾತು ತಪ್ಪಿದರೆ ನಾಚಿಕೊಂಡು ಸುಮ್ಮನಿರಬೇಡಿ, 1915 ಒತ್ತಿ. ಅದಕ್ಕೂ ಮೊದಲು ಮನೆಯವರಿಗೆ ಹೇಳಿ. ಅವರು ಕಾಯುತ್ತಿರುವುದು ಗಾಡಿಗಲ್ಲ, ಅದರಲ್ಲಿ ಹೋಗಿ ನೋಡಬೇಕಾದ ಮುಖಕ್ಕೆ.