ಕವಲಿನಲ್ಲಿ ಹಾಕಿದ ಸೊಪ್ಪು

ಕೆರಿಯಪ್ಪನಿಗೆ ಪ್ರವಾಸಿಗರೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಇಡಗುಂದಿಯ ಆಚೆ ಜೇನುಬಂಡೆಗೆ ಹೋಗುವ ಕಾಡುದಾರಿಯನ್ನು ಗ್ರಾಮ ಅರಣ್ಯ ಸಮಿತಿಯವರು ಚಾರಣಕ್ಕೆ ತೆರೆದು ಅವನನ್ನೇ ಕಾವಲಿಗೆ ಹಾಕಿದ ಮೇಲಂತೂ ಆ ಸಿಟ್ಟಿಗೆ ಸಂಬಳವೂ ಸಿಕ್ಕಂತಾಗಿತ್ತು. ಗೇಟಿನಲ್ಲಿ ನಿಂತು ಬಂದವರ ಚೀಲ ಬಿಚ್ಚಿಸುವನು, ಬಾಟಲಿ ಕಿತ್ತಿಡುವನು. ಎದುರು ಬಂದವರಿಗೆ ದಾರಿ ಬಿಡಿ, ಹೂ ಕೀಳಬೇಡಿ, ದನಿ ಎತ್ತಬೇಡಿ ಎಂದು ದನಿ ಎತ್ತಿಯೇ ಹೇಳುವನು. ಮಗಳು ದಿವ್ಯಾ ಅದೇ ದಾರಿಯಲ್ಲಿ ಗೈಡು. ಅಪ್ಪ ಗದರಿಸಿ ಒಳಗೆ ಬಿಟ್ಟವರನ್ನು ನಗಿಸಿ ಕರೆದೊಯ್ಯುವುದು ಅವಳ ಪಾಲಿನ ಕೆಲಸವಾಗಿತ್ತು.

ಆ ಭಾನುವಾರ ಬೆಳಿಗ್ಗೆ ಕೆರಿಯಪ್ಪ ದಾರಿ ಗುಡಿಸುತ್ತ ಕವಲಿನವರೆಗೆ ಹೋದ. ಅಲ್ಲಿಂದ ಒಂದು ದಾರಿ ಗುಡ್ಡದ ನೆತ್ತಿಗೆ ಹತ್ತುತ್ತದೆ, ಇನ್ನೊಂದು ಹೆಜ್ಜೇನು ಕಟ್ಟುವ ಬಂಡೆಯ ಬುಡಕ್ಕೆ ಇಳಿಯುತ್ತದೆ. ಕೆಳದಾರಿಗೆ ಅಡ್ಡಲಾಗಿ ಎರಡು ಹಸಿ ಟೊಂಗೆ ಬಿದ್ದಿದ್ದವು. ಪಕ್ಕದಲ್ಲೇ ಚಿಪ್ಸಿನ ಖಾಲಿ ಪೊಟ್ಟಣ. ಹಿಂದಿನ ಸಂಜೆ ಕುಣಿದು ಕುಪ್ಪಳಿಸಿ ಹೋದ ಪಡ್ಡೆ ಹುಡುಗರ ಗುಂಪು ಅವನ ಕಣ್ಣ ಮುಂದೆ ಬಂತು. ಫೋಟೋ ತೆಗೆಯಲಿಕ್ಕೆ ಮರ ಮುರಿದು ಬಿಸಾಡಿ ಹೋಗಿದ್ದಾರೆ, ಇವರ ಕೈ ಸೇದಿಹೋಗಲಿ ಎಂದು ಬೈಯುತ್ತ ಪೊಟ್ಟಣವನ್ನು ಚೀಲಕ್ಕೆ ತುಂಬಿ, ಟೊಂಗೆಗಳನ್ನು ಕಣಿವೆಗೆ ಎಸೆದ. ದಾರಿ ಚೊಕ್ಕವಾಯಿತು.

ಕಾಡು ತಿರುಗುವವರ ಪದ್ಧತಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಈ ದಾರಿ ಬೇಡ ಎಂದು ಹಿಂದೆ ಬರುವವರಿಗೆ ಹೇಳಬೇಕಾದರೆ ಕವಲಿನಲ್ಲಿ ಹಸಿ ಸೊಪ್ಪು ಅಡ್ಡ ಹಾಕಿ ಹೋಗುತ್ತಾರೆ. ಅವನ ಅಪ್ಪ ಹಾಕಿದ್ದ, ಅವನು ಹಾಕಿದ್ದ, ದಿವ್ಯಾಳಿಗೆ ಕಲಿಸಿದವನೂ ಅವನೇ. ಆದರೆ ಈಚೀಚೆಗೆ ದಾರಿಯಲ್ಲಿ ಏನೇ ಬಿದ್ದಿದ್ದರೂ ಅವನಿಗೆ ಕಾಣುತ್ತಿದ್ದದ್ದು ಪ್ರವಾಸಿಗರ ತಪ್ಪೊಂದೇ.

ಬಿಸಿಲೇರುವ ಮೊದಲೇ ದಿವ್ಯಾ ಹುಬ್ಬಳ್ಳಿಯಿಂದ ಬಂದ ನಾಲ್ಕಾರು ಜನರನ್ನು ಕರೆದುಕೊಂಡು ಹೊರಟಳು. ಅವರಲ್ಲಿ ಗಂಗಾಂಬಿಕಾ ಎಂಬ ವಯಸ್ಸಾದ ಹೆಂಗಸು ಕೋಲೂರಿಕೊಂಡು ನಡೆಯುತ್ತಿದ್ದರು. ಚೀಲ ತೋರಿಸಿ ಎನ್ನುವ ಮೊದಲೇ ಬಿಚ್ಚಿ ತೋರಿಸಿದರು. ಬೈಯಲು ಒಂದು ನೆವವೂ ಸಿಗದೆ ಕೆರಿಯಪ್ಪ ಸುಮ್ಮನೆ ಗೇಟು ತೆಗೆದ.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಬೀರ, ಜೇನು ಕೀಳುವವನು, ಬಂದು ಕುಕ್ಕರಗಾಲಿನಲ್ಲಿ ಕೂತು ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದ. ನಿನ್ನೆ ಯಾರೋ ಹೆಜ್ಜೇನಿಗೆ ಕಲ್ಲು ಹೊಡೆದಿದ್ದಾರೆ, ಒಂದು ಎರಿ ಅರ್ಧ ಹರಿದು ನೇತಾಡುತ್ತಿದೆ, ಹುಳುಗಳೆಲ್ಲ ಕೆರಳಿ ಕೂತಿವೆ, ಬೆಳಗಾಗುತ್ತಲೇ ತನ್ನನ್ನೂ ಅಟ್ಟಿಸಿಕೊಂಡು ಬಂದವು ಎಂದ.

"ಕವಲಲ್ಲಿ ಸೊಪ್ಪು ಹಾಕಿಟ್ಟೇ ಬಂದೆ ಮಾರಾಯಾ. ಕಂಡ್ಯಲ್ಲ?"

ಅದನ್ನು ನಾನೇ ತೆಗೆದು ಬಿಸಾಡಿದೆ, ದಿವ್ಯಾ ಹೋಗಿದ್ದಾಳೆ ಎಂದವನೇ ಕೆರಿಯಪ್ಪ ಓಡಿದ. ಬೀರ ಗೇಟಿನ ಮೇಲಿದ್ದ ಕಂಬಳಿ ಎಳೆದುಕೊಂಡು ಬೆನ್ನ ಹಿಂದೆಯೇ ಓಡಿದ.

ಕೆರಿಯಪ್ಪ ಓಡುತ್ತಲೇ ಮಗಳಿಗೆ ಮೊಬೈಲು ಒತ್ತಿದ. ಆ ಕಣಿವೆಯಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು! ಅವಳು ಮೇಲಿನ ದಾರಿ ಹಿಡಿದಿರಲಿ, ಮುದುಕಿಗೆ ಸುಸ್ತಾಗಿ ನಡುವೆಯೇ ಕೂತಿರಲಿ ಎಂದು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತ. ಕವಲಿನ ಮೆತ್ತನೆ ಮಣ್ಣಿನಲ್ಲಿ ಕೋಲಿನ ಗುರುತು ಕೆಳಕ್ಕೇ ಇಳಿದಿತ್ತು. ಸೊಪ್ಪು ಇಲ್ಲದ ದಾರಿಯಲ್ಲಿ ಅವಳು ಇಳಿಯದೆ ಇನ್ನೇನು ಮಾಡಿಯಾಳು?

ಮಗಳ ಹೆಸರು ಹಿಡಿದು ಕೂಗಬೇಕೆಂದು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಕೂಗಿದರೆ ಹುಳ ಏಳುತ್ತವೆ. ಕೂಗದಿದ್ದರೆ ಅವರು ಬಂಡೆಯ ಕೆಳಗೇ ಕೂತಿರುತ್ತಾರೆ. ಬಿಕ್ಕು ಹೊರಗೆ ಬಾರದಂತೆ ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇಳಿದ.

ಅವರು ಬಂಡೆಯ ಬುಡದಲ್ಲೇ ಇದ್ದರು. ದಿವ್ಯಾ ತುಟಿಯ ಮೇಲೆ ಬೆರಳಿಟ್ಟುಕೊಂಡು ಮೇಲೆ ತೋರಿಸುತ್ತಿದ್ದಳು, ಉಳಿದವರು ಕೂತಲ್ಲೇ ಕತ್ತೆತ್ತಿ ನೋಡುತ್ತಿದ್ದರು. ಅಪ್ಪನ ಮುಖ ಕಂಡದ್ದೇ ಅವಳಿಗೆ ಅಪಾಯ ತಿಳಿಯಿತು. ಕೈಸನ್ನೆಯಲ್ಲೇ ಒಬ್ಬೊಬ್ಬರನ್ನು ಎಬ್ಬಿಸಿ ಕಳಿಸಿದಳು. ಆ ಜನ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ, ಒಂದು ಕಲ್ಲನ್ನೂ ಉರುಳಿಸದೆ ಅವನ ಪಕ್ಕದಿಂದ ಹತ್ತಿ ಹೋದರು. ಕಾವಲಿಗೆ ನಿಂತ ಮೂರು ವರ್ಷ ಅವನು ಗಂಟಲು ಹರಿದುಕೊಂಡು ಹೇಳಿದ್ದನ್ನು ಅವರು ಹೇಳಿಸಿಕೊಳ್ಳದೆಯೇ ಮಾಡಿದ್ದರು.

ಕೊನೆಗೆ ಉಳಿದವರು ಗಂಗಾಂಬಿಕಾ, ಅವರಿಗಿಂತ ನಾಲ್ಕು ಹೆಜ್ಜೆ ಮೇಲೆ ದಾರಿ ತೋರಿಸುತ್ತ ದಿವ್ಯಾ. ಒಂದು ಹುಳ ಅವರ ಕಿವಿಗೆ ಹೊಕ್ಕಿತು. ಪಾಪ, ಗಾಬರಿಯಿಂದ ಸೆರಗು ಬೀಸಿದರು. ಅಷ್ಟೇ ಸಾಕಾಯಿತು, ಬಂಡೆಯ ಹುಳವೆಲ್ಲ ಒಮ್ಮೆಲೇ ಕೆಳಗಿಳಿಯಿತು. ಮೇಲಿದ್ದ ದಿವ್ಯಾ ಹತ್ತಿ ಹೋಗಬಹುದಿತ್ತು. ತಿರುಗಿ ಇಳಿದಳು. ತನ್ನ ವೇಲು ಬಿಚ್ಚಿ ಮುದುಕಿಯ ತಲೆಗೆ ಸುತ್ತಿ, ಅವರನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದುಕೊಂಡಳು. ಕೆರಿಯಪ್ಪ ನುಗ್ಗಿ ಎಳೆಯುವಷ್ಟರಲ್ಲಿ, ಬೀರ ಕಂಬಳಿ ಹೊದೆಸುವಷ್ಟರಲ್ಲಿ, ಅವಳ ಕುತ್ತಿಗೆ ಬೆನ್ನು ಕಪ್ಪಾಗಿ ಹುಳ ಮೆತ್ತಿಕೊಂಡಿತ್ತು.

ಹುಬ್ಬಳ್ಳಿಯವರ ಜೀಪು ಯಲ್ಲಾಪುರದ ಆಸ್ಪತ್ರೆಗೆ ಹೊರಟಿತು. ಮುಂದೆ ಗಂಗಾಂಬಿಕಾ, ಹಿಂದೆ ಅಪ್ಪನ ತೊಡೆಯ ಮೇಲೆ ತಲೆಯಿಟ್ಟ ದಿವ್ಯಾ, ಕಾಲ ಬಳಿ ಬೀರ. ಅವಳ ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಉಸಿರು ಸಿಳ್ಳೆ ಹಾಕುತ್ತಿತ್ತು. ಕೆರಿಯಪ್ಪನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಬೀರಣ್ಣ, ಸೊಪ್ಪು ಹಾಕ್ಲಿಲ್ವಾ ನೀನು? ಇದ್ದಿದ್ರೆ ನಾನು ಇಳೀತಿರ್ಲಿಲ್ಲ."

ಬೀರ ಕೆರಿಯಪ್ಪನ ಮುಖ ನೋಡಿದ. "ಮರ್ತೆ ತಂಗಿ. ನಂದೇ ತಪ್ಪು."

ಅಷ್ಟಕ್ಕೇ ಬಿಡಬಹುದಿತ್ತು. ಅವಳಿಗೆ ಇನ್ನು ಏನನ್ನೂ ಕೇಳುವ ಶಕ್ತಿ ಇರಲಿಲ್ಲ. ಬೀರನೂ ಸಾಯುವವರೆಗೆ ಬಾಯಿ ಬಿಡುವವನಲ್ಲ. ಆದರೆ ಮಗಳು ತಪ್ಪು ಮನುಷ್ಯನ ಮೇಲೆ ಸಿಟ್ಟಿಟ್ಟುಕೊಂಡು ಹೋಗಿಬಿಟ್ಟರೆ?

"ಸುಳ್ಳು ಮಗಾ. ಅವ ಹಾಕಿದ್ದ. ನಾನು ಬಿಸಾಕ್ದೆ."

"ಎಂತಕ್ಕೆ ಅಪ್ಪಯ್ಯ?"

"ಹೊರಗಿನೋರು ಹಾಕಿದ್ದು ಅಂದ್ಕಂಡೆ."

ಅಂಗಿ ಹಿಡಿದಿದ್ದ ಅವಳ ಬೆರಳು ಸಡಿಲವಾದವು. ಸಿಟ್ಟಿಗೆ ಬಿಟ್ಟಳೋ, ಸೋತು ಬಿಟ್ಟಳೋ ಅವನಿಗೆ ತಿಳಿಯಲಿಲ್ಲ. ಮುಂದಿನ ಸೀಟಿನಿಂದ ಗಂಗಾಂಬಿಕಾ ಹಿಂದಕ್ಕೆ ಕೈ ಚಾಚಿ ದಿವ್ಯಾಳ ಕೈ ಹಿಡಿದುಕೊಂಡರು.

"ಜಲ್ದಿ ಹೊಡಿಯಪ್ಪಾ," ಎಂದರು ಡ್ರೈವರಿಗೆ. "ನಮ್ಮ ಹುಡುಗೀಗೆ ಉಸಿರಾಡಾಕ ಆಗವಲ್ತು."