ಎರಡು ಬಾಟಲಿ, ಒಂದು ಚೀಟಿ

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸಿಸ್ಟರ್‌ಗೆ ತಾನು ಮಾಡಿದ ಚೀಟಿಯ ಮೇಲೆ ಅಷ್ಟೇ ಮುದ್ದು. ಕಣ್ಣಿನ ಆಸ್ಪತ್ರೆಯಲ್ಲಿ ಹದಿನಾರು ವರ್ಷದಿಂದ ನರ್ಸ್ ಆಗಿದ್ದವಳು, ಕಂಪ್ಯೂಟರಿನಲ್ಲಿ ರೋಗಿಗಳ ಪಟ್ಟಿ ಟೈಪ್ ಮಾಡಿದ್ದು ಬಿಟ್ಟರೆ ಚಿತ್ರಗಿತ್ರದ ಗೊಡವೆಗೆ ಹೋದವಳಲ್ಲ. ಪೊರೆಯ ಆಪರೇಷನ್ ಆದವರು ಮನೆಗೆ ಹೋದಮೇಲೆ ಯಾವ ಹನಿ ಎಷ್ಟು ಸಲ ಅನ್ನೋದನ್ನು ಮರೆಯುತ್ತಾರೆ, ಒಂದು ಚೀಟಿ ಮಾಡಿ ಎಂದು ಡಾಕ್ಟರು ಹೇಳಿದ್ದೇ ತಡ, ಮೂರು ದಿನ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಗುಲಾಬಿ ಹಿನ್ನೆಲೆ, ಬಳುಕುವ ತಲೆಬರಹ, ಅಲ್ಲಲ್ಲಿ ಹೂವು, ಹಳದಿ ಅಕ್ಷರದಲ್ಲಿ 'ನಿಮ್ಮ ಬಾಳು ಬೆಳಗಲಿ'. ಖಾಲಿ ಜಾಗ ಕಂಡರೆ ಜಿಪುಣತನ ಅನ್ನಿಸಿ ಅಲ್ಲೆಲ್ಲ ನಕ್ಷತ್ರ ಚೆಲ್ಲಿದಳು.

ಉಳಿದ ನರ್ಸುಗಳು ನೋಡಿ "ಅಯ್ಯೋ, ಎಷ್ಟು ಮುದ್ದಾಗಿದೆ!" ಅಂದರು. ಡಾಕ್ಟರು ತಲೆದೂಗಿ, ನೂರು ಪ್ರತಿ ತೆಗೆಸಿದರು.

ಅದೇ ವಾರ ಅವಳ ಮಾವನ ಬಲಗಣ್ಣಿನ ಆಪರೇಷನ್ ಆಯಿತು. ಮಾವ ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವರು. ಬೀದಿಯವರಿಗೆಲ್ಲ ಅವರು ಬೋರ್ಡ್ ಮಾಸ್ಟ್ರು. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇತ್ತು. ಸೊಸೆ ಕೊಟ್ಟ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಚೆನ್ನಾಗಿದೆ ಕಣಮ್ಮ" ಅಂದರು. ಆ ಕಸುಬಿನವರ ಬಾಯಲ್ಲಿ ಅಷ್ಟು ಬಂದಮೇಲೆ ಕೇಳಬೇಕೆ? ಸಿಸ್ಟರ್ ಅಂದು ನೆಲದ ಮೇಲೆ ನಡೆಯಲಿಲ್ಲ.

ಐದನೇ ದಿನ ಸಂಜೆ ಡ್ಯೂಟಿ ಮುಗಿಸಿ ಬಂದಾಗ ಮಾವ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಬಲಗಣ್ಣು ಕೆಂಡದಂತಾಗಿತ್ತು.

"ಮಾವ, ಹನಿ ಸರಿಯಾಗಿ ಹಾಕ್ಕೊಂಡ್ರಿ ತಾನೇ?"

"ಚೀಟೀಲಿ ಇರೋ ಹಾಗೇ ಹಾಕ್ಕೊಂಡೆ. ಬಿಳಿ ಮುಚ್ಚಳದ್ದು ಎರಡು ಸಲ, ನೀಲಿದು ಆರು ಸಲ."

 ಬಿಳಿ ಮುಚ್ಚಳದ್ದು ಊತ ಇಳಿಸುವ ಹನಿ. ಅದನ್ನೇ ಆರು ಸಲ ಹಾಕಬೇಕಿತ್ತು. ಚೀಟಿ ತೆಗೆದು ನೋಡಿದಳು. ಆರು ಅನ್ನುವ ಅಂಕಿ ತಲೆಬರಹದ ಹತ್ತಿರ ಏರಿ ಕೂತಿದೆ, ಅದಕ್ಕೂ ಬಿಳಿ ಬಾಟಲಿಯ ಚಿತ್ರಕ್ಕೂ ನಡುವೆ ಅವಳ ಅಚ್ಚುಮೆಚ್ಚಿನ ಹೂವು. ನೀಲಿ ಬಾಟಲಿಗೆ ಸೇರಬೇಕಾದ ಎರಡು, ಬಿಳಿ ಬಾಟಲಿಯ ಬುಡಕ್ಕೆ ಅಂಟಿಕೊಂಡಿದೆ. ಬರೆದವಳಿಗೆ ಮಾತ್ರ ಅರ್ಥವಾಗುವ ಹಾಗೆ ಬರೆದಿದ್ದಳು.

ಡಾಕ್ಟರು ನೋಡಿ, ಹೊಸ ಹನಿ ಬರೆದರು. "ಒಂದು ವಾರ ನೋಡೋಣ. ಊತ ಇಳಿದ್ರೆ ಸರಿ. ಇಳೀದಿದ್ರೆ ದೃಷ್ಟಿ ಇಷ್ಟಕ್ಕೇ ನಿಂತುಬಿಡುತ್ತೆ."

ಆ ಚೀಟಿ ಇನ್ನೂ ಮೂವತ್ತನಾಲ್ಕು ಮನೆಗೆ ಹೋಗಿತ್ತು. ಮರುದಿನ ಬೆಳಿಗ್ಗೆಯಿಂದ ಸಿಸ್ಟರ್ ಒಂದೊಂದೇ ಮನೆಗೆ ಫೋನ್ ಮಾಡಿದಳು. ಏಳು ಜನ ಅದಲುಬದಲು ಹಾಕಿಕೊಳ್ಳುತ್ತಿದ್ದರು. ಒಬ್ಬ ಅಜ್ಜಿಯಂತೂ ಚೀಟಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರಂತೆ, ಹನಿ ಮಾತ್ರ ಮೊಮ್ಮಗಳ ನೆನಪಿನ ಮೇಲೆ ನಡೆಯುತ್ತಿತ್ತು. ಏಳೂ ಜನರನ್ನು ಕರೆಸಿ ನೋಡಿದ್ದಾಯಿತು. ಪುಣ್ಯಕ್ಕೆ ಯಾರ ಕಣ್ಣೂ ಕೆಟ್ಟಿರಲಿಲ್ಲ. ಕಣ್ಣು ಮಸುಕಾದವರ ಕೈಗೆ ಕೊಡುವ ಚೀಟಿಯನ್ನು, ಕಣ್ಣು ನೆಟ್ಟಗಿರುವವರಿಗೆ ತೋರಿಸಿ ಪಾಸು ಮಾಡಿಸಿಕೊಂಡೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕಣ್ಣಿನ ಆಸ್ಪತ್ರೆಯಲ್ಲದೆ ಇನ್ನೆಲ್ಲಿ ನಡೆದೀತು ಇಂಥ ಪೆದ್ದುತನ!

ಅಂದು ಸಂಜೆ ಕೇಳಿಯೇಬಿಟ್ಟಳು. "ನಿಮಗೆ ಅದು ಓದೋಕೆ ಆಗ್ತಿತ್ತಾ ಮಾವ?"

"ಇಲ್ಲಮ್ಮ" ಅಂದರು ಮಾವ. "ಎರಡು ಅಂಕಿ ಕಂಡವು, ಅಷ್ಟೆ. ನೀನು ಮೂರು ದಿನ ಕೂತು ಮಾಡಿದ್ದೆ. ಹೆಂಗೆ ಹೇಳೋದು?"

ಅವಳಿಗೆ ಅಳುವೂ ಕೋಪವೂ ಒಟ್ಟಿಗೇ ಬಂದವು. "ಬೈದಿದ್ರೆ ಆಗ್ತಿತ್ತು!"

"ಈಗ ಬೈತೀನಿ, ಪೆನ್ನು ತಗೊಂಡು ಬಾ."

ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ಮಾವ ಚೀಟಿಯನ್ನು ಬಾಗಿಲಿಗೆ ಅಂಟಿಸಿ, ಅವಳನ್ನು ಎದುರು ಗೋಡೆಗೆ ನಿಲ್ಲಿಸಿದರು.

"ಕಣ್ಣು ಕಿರಿದು ಮಾಡಿ ನೋಡು. ಏನು ಕಾಣುತ್ತೆ?"

"ಹೂವು."

"ಹೂವನ್ನ ಕಣ್ಣಿಗೆ ಹಾಕ್ಕೋಬೇಕಾ?"

ಹಿಂದೆ ಒಬ್ಬ ಅಂಗಡಿಯವನು ಮಾವನಿಂದ ಒಂದೇ ಬೋರ್ಡಿನಲ್ಲಿ ಇಪ್ಪತ್ತೆರಡು ಸಾಮಾನಿನ ಹೆಸರು ಬರೆಸಿದ್ದನಂತೆ. ಜನ ಅವನ ಬೋರ್ಡಿನ ಕೆಳಗೇ ನಿಂತು ಅಂಗಡಿ ಎಲ್ಲಿ ಅಂತ ವಿಚಾರಿಸುತ್ತಿದ್ದರಂತೆ. "ಮೊದಲು ಏನು ಕಾಣಬೇಕು, ಅದನ್ನ ದೊಡ್ಡದು ಮಾಡು. ಯಾರ ಜೊತೆ ಯಾರು ಸೇರಬೇಕೋ ಅವರನ್ನ ಪಕ್ಕಪಕ್ಕ ಕೂರಿಸು, ಉಳಿದವರನ್ನ ದೂರ ಇಡು. ಬಿಳಿ ಮೇಲೆ ಕಪ್ಪು. ಆಮೇಲೆ ಕೈ ಕಟ್ಟಿಕೊಂಡು ಕೂತ್ಕೋ."

ಕೊನೆಯದೇ ಕಷ್ಟದ್ದು. ಐದು ಸಲ ಬರೆದಳು, ಐದು ಸಲವೂ ಒಂದು ಹೂವು ಎಲ್ಲಿಂದಲೋ ನುಸುಳಿತು. ಮಾವ ಪ್ರತಿ ಸಲ ಪೆನ್ನಿನಿಂದ ಗೀಟು ಹಾಕಿ ಹೊಡೆದುಹಾಕಿದರು. ಆರನೆಯದರಲ್ಲಿ ಎಡಕ್ಕೆ ಬಾಟಲಿ, ಅದರ ಪಕ್ಕದಲ್ಲೇ ಬೆರಳುದ್ದದ ಅಂಕಿ, ಕೆಳಗೆ ಅಗಲವಾಗಿ ಬರಿ ಬಿಳಿ, ಆಮೇಲೆ ಎರಡನೇ ಬಾಟಲಿ. ಮರುದಿನ ಅದನ್ನು ನೋಡಿದ ಡಾಕ್ಟರು "ಆಸ್ಪತ್ರೆ ಹೆಸರು, ನನ್ನ ಡಿಗ್ರಿ ಎಲ್ಲಿ?" ಅಂದರು. ಹದಿನಾರು ವರ್ಷದಲ್ಲಿ ಅವರಿಗೆ ಎದುರಾಡದವಳು, "ಹಿಂದುಗಡೆ ಇದೆ ಸರ್, ಸಣ್ಣದಾಗಿ" ಅಂದಳು.

ವಾರ ಕಳೆದು ತಪಾಸಣೆಯ ದಿನ ಬಂತು. ಮಾವ ಎಡಗಣ್ಣು ಮುಚ್ಚಿಕೊಂಡು ಎದುರಿನ ಫಲಕದ ಅಕ್ಷರಗಳನ್ನು ಮೇಲಿನಿಂದ ಓದುತ್ತಾ ಬಂದರು. ಕೊನೆಯ ಎರಡು ಸಾಲಿಗೆ ಬಂದಾಗ ತಡೆದರು. ಕಣ್ಣು ಉಜ್ಜಲು ಕೈ ಎತ್ತಿ, ಇಳಿಸಿದರು. "ಇಲ್ಲ" ಅಂದರು.

"ಊತ ಪೂರ್ತಿ ಇಳಿದಿದೆ," ಅಂದರು ಡಾಕ್ಟರು. "ಆದ್ರೆ ಆ ಎರಡು ಸಾಲು ಇನ್ನು ಬರೋದು ಅನುಮಾನ. ಓಡಾಟಕ್ಕೇನೂ ತೊಂದರೆ ಇಲ್ಲ."

ಸಿಸ್ಟರ್ ಮುಖ ತಗ್ಗಿಸಿದಳು. "ನನ್ನಿಂದ ಆಯ್ತು ಮಾವ."

"ಹೂಂ, ನಿನ್ನಿಂದ ಆಯ್ತು," ಅಂದರು ಮಾವ. "ಓದೋಕಾಗದೆ ಚೆನ್ನಾಗಿದೆ ಅಂದ ನನ್ನಿಂದಲೂ ಆಯ್ತು." ಡಾಕ್ಟರ ಕಡೆ ತಿರುಗಿ, "ಎಡಗಣ್ಣು ಯಾವಾಗ ಮಾಡ್ತೀರಿ?" ಅಂತ ಕೇಳಿದರು.

"ಮುಂದಿನ ತಿಂಗಳು ಮಾಡೋಣ. ಈ ಸಲ ಸಿಸ್ಟರ್ ಹದಿನೈದು ದಿನ ರಜೆ ತಗೊಂಡು ಅವರೇ ಹನಿ ಹಾಕಲಿ."

"ರಜೆ ಯಾಕೆ ದಂಡ?" ಅಂದರು ಮಾವ. "ಹೊಸ ಚೀಟಿ ಇದೆಯಲ್ಲ. ಓದ್ಕೊಂಡು ನಾನೇ ಹಾಕ್ಕೋತೀನಿ."

ಸಿಸ್ಟರ್ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ರೋಗಿಯನ್ನು ಕರೆಯಲು ಹೊರಗೆ ಹೋದಳು.