ಸೊನ್ನೆ ಬಿಟ್ಟ ಸಾಲು

ಚಂದ್ರಕ್ಕ ಶಾಲೆಯ ಜಗಲಿಯಲ್ಲಿ ಬಿಸಿಯೂಟದ ಬೇಳೆಯೊಳಗಿನ ಕಲ್ಲು ಆರಿಸುತ್ತಿದ್ದಳು. ಕಿವಿಯೆಲ್ಲ ನಾಲ್ಕನೇ ತರಗತಿಯ ಕಡೆಗೆ. ಅತಿಥಿ ಶಿಕ್ಷಕಿ ಶಿವಗಂಗಾ ಎರಡಂಕಿಯ ಗುಣಾಕಾರ ಹೇಳಿಕೊಡುತ್ತಿದ್ದರು. ಮುಂದಿನ ವರ್ಷವೂ ಅವರೇ ಬೇಕೆಂದು ಊರವರು ಬರೆದ ಪತ್ರ ಹೆಡ್‌ಮಾಸ್ಟರ್ ಹಾಲೇಶಪ್ಪನವರ ಸಹಿಗೆ ಕಾದು ಅವರ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತಿತ್ತು. "ಮಕ್ಕಳಿಗೆ ಲೆಕ್ಕ ಬರ್ಲಿ, ಆಮೇಲೆ ಕಳ್ಸಾಣ" ಎನ್ನುತ್ತಿದ್ದರು. ಇವತ್ತು ಪಾಠ ನೋಡಲು ತರಗತಿಯ ಬಾಗಿಲಲ್ಲೇ ನಿಂತಿದ್ದರು.

ಮೂವತ್ತನಾಲ್ಕನ್ನು ಹನ್ನೆರಡರಿಂದ ಗುಣಿಸಲು ಹೋದ ಬೃಂದಾ, ಅರವತ್ತೆಂಟರ ಕೆಳಗೆ ಬರೀ ಮೂವತ್ತನಾಲ್ಕು ಬರೆದು, ನೂರಾ ಎರಡು ಅಂದಳು. ಹಿಂದಿನ ಸಾಲಿನವರು ಕಿಸಕ್ಕೆಂದರು.

ಶಿವಗಂಗಾ ಗದರಲಿಲ್ಲ, ಅಳಿಸಲೂ ಇಲ್ಲ. "ಸಾಲಿಗೆ ಮೂವತ್ನಾಕು ಸೇವಂತಿಗೆ ಸಸಿ. ಹತ್ತು ಸಾಲಿಗೆ ಎಷ್ಟವ್ವ?"

"ಮುನ್ನೂರ ನಲವತ್ತು ಮಿಸ್."

"ಹನ್ನೆರಡು ಸಾಲಿಗೆ ನೂರಾ ಎರಡೇನಾ?"

"ಅಯ್ಯೋ! ಉಳಿದಿದ್ದೆಲ್ಲ ಎಮ್ಮೆ ಮೇಯ್ತಾ?" ತಾನೇ ನಕ್ಕ ಹುಡುಗಿ ಮೂವತ್ತನಾಲ್ಕರ ಬಲಕ್ಕೆ ಸೊನ್ನೆಯಿಟ್ಟು, ನಾನೂರ ಎಂಟು ಎಂದು ತಿದ್ದಿದಳು.

ಮಗುವಿನ ತಪ್ಪನ್ನು ಮಗುವಿನ ಕೈಯಲ್ಲೇ ಹಿಡಿಸಿದರಲ್ಲ ಎಂದು ಚಂದ್ರಕ್ಕನಿಗೆ ಬೆರಗು. "ಇನ್ನೇನ್ ಬೇಕ್ ಸಾರ್?" ಎಂದೇಬಿಟ್ಟಳು.

ಹಾಲೇಶಪ್ಪ ನೇರ ತಮ್ಮ ಕೋಣೆಗೆ ಹೋದರು. ಸಹಿ ಹಾಕಿದ ಪತ್ರ ಆವತ್ತೇ ಮಧ್ಯಾಹ್ನದ ಬಸ್ಸಿಗೆ ಹೊಸದುರ್ಗದ ಶಿಕ್ಷಣ ಇಲಾಖೆ ಕಚೇರಿಗೆ ಹೋಯಿತು.